ಬಟ್ಟೆ ತೂಗುಹಾಕುವ ಮುನ್ನ

ಮಾನ್ಯರೆ,

2015ರಲ್ಲಿ ಯುರೋಪಿನ ಕೊಸೊವೊದ ರಾಜಧಾನಿ ಪ್ರಿಸ್ಟಿನಾದ ಕ್ರೀಡಾಂಗಣದಲ್ಲಿ ಕಲಾವಿದೆ ಅಲ್ಕೆಟಾ ಜಾಫಾ ಮ್ರಿಪಾ, ಯುದ್ಧಕಾಲದ ಅತ್ಯಾಚಾರ ಸಂತ್ರಸ್ತೆಯರಿಗಾಗಿ ಜನರು ಕೊಟ್ಟ ಸಾವಿರಾರು ಉಡುಪುಗಳನ್ನು ಹಗ್ಗಕ್ಕೆ ತೂಗುಹಾಕಿದ್ದರು. ಹೀಗೆ ಬಟ್ಟೆ ತೂಗುಹಾಕಿ ಲೈಂಗಿಕ ದೌರ್ಜನ್ಯದ ಕಥೆ ಹೇಳುವ ಕಲಾಪ್ರದರ್ಶನಕ್ಕೆ ಅಂಥ ಬಲವಿದೆ. ಆದರೆ ಮಾಡುವವರು ಎಡವುವುದು ವಿವರಗಳಲ್ಲಿ.

ದೌರ್ಜನ್ಯದ ಹೊತ್ತಿನಲ್ಲಿ ಸಂತ್ರಸ್ತೆ ತೊಟ್ಟಿದ್ದ ಬಟ್ಟೆಯನ್ನೇ ಪ್ರದರ್ಶನಕ್ಕೆ ಕೇಳಬೇಡಿ, ಅದು ಸಾಕ್ಷ್ಯವಾಗಿರಬಹುದು, ಹೋಲುವಂಥದ್ದು ಸಾಕು. ಬಟ್ಟೆಯ ಪಕ್ಕ ಹಾಕುವ, ಅವರ ಅನುಭವದ ಬರಹ ಎರಡು ಮೂರು ಸಾಲಿರಲಿ. ಹೆಸರು ತೆಗೆದರಷ್ಟೇ ಸಾಲದು: ಕಾಲೇಜು, ತಿಂಗಳು, ಆರೋಪಿಯ ಸಂಬಂಧ ಮೂರೂ ಸೇರಿದರೆ ಪರಿಚಯದವರಿಗೆ ಗುರುತು ಸಿಕ್ಕೇಬಿಡುತ್ತದೆ. ಸಂತ್ರಸ್ತರ ಒಪ್ಪಿಗೆ ಲಿಖಿತವಾಗಿರಬೇಕು; ಪ್ರದರ್ಶನದ ನಡುವೆಯೂ ಅದನ್ನು ಹಿಂಪಡೆಯುವಂತಿರಬೇಕು. ಬಾಗಿಲಲ್ಲಿ ಎಚ್ಚರಿಕೆ ಫಲಕ, ಅರ್ಧದಲ್ಲೇ ಹೊರಬರಲು ಇನ್ನೊಂದು ದಾರಿ, ಕೈಗೆಟಕುವಂತೆ ಆಪ್ತಸಮಾಲೋಚಕರು: ಇವಿಲ್ಲದೆ ತೆರೆಯಲೇಬಾರದು. ಶಾಲಾ ಸಮವಸ್ತ್ರ, ಮಗುವಿನ ಫ್ರಾಕ್, ಅಜ್ಜಿಯ ಸೀರೆ, ಹುಡುಗನ ಅಂಗಿ ಎಲ್ಲವೂ ಇರಲಿ. ಒಂದೇ ಬಗೆಯ ಉಡುಪು ತುಂಬಿದರೆ ‘ಬಟ್ಟೆಯೇ ಕಾರಣ’ ಎಂಬ ಸುಳ್ಳಿಗೇ ಬಲ ಬರುತ್ತದೆ.