ಗೆಳೆಯನಿಗೊಂದು ಪತ್ರ: ನಿನ್ನ ಪಟ್ಟಿಯಲ್ಲಿ ಅರ್ಧ ಹೊಡೆದುಹಾಕಿದ್ದೇನೆ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಪಟ್ಟಿ ಎರಡು ಸಲ ಓದಿದೆ. ಎರಡು ದಿನ, ಎಂಟು ಜಾಗ. ಮೊದಲ ದಿನ ಬೆಳಿಗ್ಗೆ ವಂಡರ್‌ಲಾ, ಸಂಜೆ ಬೃಂದಾವನ. ಮರುದಿನ ಮೃಗಾಲಯ, ಅರಮನೆ, ರೈಲು ಮ್ಯೂಸಿಯಂ, ಚಾಮುಂಡಿ ಬೆಟ್ಟ, ರಂಗನತಿಟ್ಟು, ಶ್ರೀರಂಗಪಟ್ಟಣ. ಧಾರವಾಡದಿಂದ ಇಷ್ಟು ದೂರ ಬರುತ್ತೀರಿ, ಮಕ್ಕಳಿಗೆ ಒಂದೂ ತಪ್ಪಬಾರದು ಅಂತ ನಿನ್ನ ಆಸೆ. ಆ ಆಸೆ ನನಗೆ ಚೆನ್ನಾಗಿ ಗೊತ್ತು. ಅದೇ ಆಸೆಯಿಂದ ನಾನು ಮಕ್ಕಳ ಒಂದು ಇಡೀ ದಿನ ಹಾಳು ಮಾಡಿದ್ದೇನೆ. ಅದಕ್ಕೇ ನಿನ್ನ ಪಟ್ಟಿಯಲ್ಲಿ ಅರ್ಧ ಹೊಡೆದುಹಾಕಿದ್ದೇನೆ. ಸಿಟ್ಟಾಗಬೇಡ. ಪೂರ್ತಿ ಓದು, ಆಮೇಲೆ ಫೋನ್ ಮಾಡು.

ಎರಡು ಬೇಸಿಗೆಯ ಹಿಂದಿನ ಮಾತು. ಮಗಳಿಗೆ ಆಗ ಆರು ವರ್ಷ, ಮಗನಿಗೆ ಎರಡೂವರೆ. ಒಂದು ವಾಟರ್ ಪಾರ್ಕಿಗೆ ಹೋಗಿದ್ದೆವು. ಒಳಗೆ ಕಾಲಿಟ್ಟ ಕೂಡಲೇ ಮಗಳು ಒಂದು ದೊಡ್ಡ ರೈಡ್ ನೋಡಿ ‘ಅಪ್ಪ, ಅದೇ ಬೇಕು’ ಅಂದಳು. ಮುಕ್ಕಾಲು ಗಂಟೆ ಬಿಸಿಲಲ್ಲಿ ಸಾಲು ನಿಂತೆವು. ನಮ್ಮ ಸರದಿ ಬಂತು. ಅಲ್ಲಿದ್ದ ಹುಡುಗ ಅವಳನ್ನು ಅಳತೆಯ ಕಂಬಕ್ಕೆ ಒರಗಿಸಿ ನಿಲ್ಲಿಸಿದ. ಗೆರೆಗಿಂತ ಒಂದು ಗೇಣು ಕಡಿಮೆ. ‘ಆಗಲ್ಲ ಸಾರ್’ ಅಂದ. ಇಷ್ಟು ಹೊತ್ತು ನಿಂತಿದ್ದೇವೆ, ಒಂದೇ ಒಂದು ಸಲ ಬಿಡಪ್ಪ ಅಂತ ನಾನು ವಾದ ಮಾಡಿದೆ. ಅವನು ಬಿಡಲಿಲ್ಲ.

ಬಿಡದಿದ್ದದ್ದೇ ಸರಿ. ಭುಜದ ಮೇಲೆ ಬಂದು ಕೂರುವ ಕಂಬಿ, ತೊಡೆಯ ಮೇಲಿನ ಲಾಕ್, ಎಲ್ಲ ದೊಡ್ಡವರ ಮೈ ಅಳತೆಗೆ ಮಾಡಿದ್ದು. ಮಗುವಿನ ಮೈ ಸಣ್ಣದು. ಲಾಕ್ ಹಾಕಿದರೂ ನಡುವೆ ಜಾಗ ಉಳಿಯುತ್ತದೆ. ರೈಡ್ ತಲೆಕೆಳಗಾದಾಗ ಮಗು ಆ ಜಾಗದಲ್ಲೇ ಜಾರಬಹುದು. ಆ ಹೊತ್ತಿನಲ್ಲಿ ನನಗೆ ಇದು ಹೊಳೆಯಲಿಲ್ಲ. ಮಗಳು ಅಳಲಿಲ್ಲ. ನನ್ನ ಬೆರಳು ಹಿಡಿದುಕೊಂಡು ಮೆಟ್ಟಿಲು ಇಳಿದಳು. ಅರ್ಧ ದಾರಿಯಲ್ಲಿ ‘ನಾನು ತುಂಬಾ ಚಿಕ್ಕವಳಾ ಅಪ್ಪ?’ ಅಂತ ಕೇಳಿದಳು. ಮನೆಯಲ್ಲೇ ಅಳೆದು, ಇದು ಈಗಲೇ ಆಗುವುದಿಲ್ಲ ಅಂತ ಮೊದಲೇ ಹೇಳಿದ್ದರೆ ಅವಳು ಆ ಸಾಲಿನಲ್ಲಿ ನಿಲ್ಲುತ್ತಲೇ ಇರಲಿಲ್ಲ.

ಅವತ್ತಿನದು ಅಲ್ಲಿಗೂ ಮುಗಿಯಲಿಲ್ಲ. ಸಂಜೆ ಕಾರಂಜಿ ನೋಡಲೇಬೇಕು ಅಂತ ಕಾರು ಓಡಿಸಿದೆ. ತಲುಪುವಷ್ಟರಲ್ಲಿ ಮಗ ಗಾಢ ನಿದ್ದೆಯಲ್ಲಿದ್ದ. ಎಬ್ಬಿಸಿದೆ. ಎಬ್ಬಿಸಬಾರದಿತ್ತು. ಬಣ್ಣದ ನೀರು ಕುಣಿಯುತ್ತಿದ್ದಾಗ ಅವನು ಅಮ್ಮನ ಹೆಗಲ ಮೇಲೆ ಒಂದೇ ಸಮನೆ ಅಳುತ್ತಿದ್ದ. ರಾತ್ರಿ ಜ್ವರ ಬಂತು.

ಈಗ ನಿನ್ನ ಸಂಸಾರ ನೋಡು. ಎಂಟು ವರ್ಷದ ಮಗ, ಮೂರು ವರ್ಷದ ಮಗಳು, ವೈನಿ, ಮೊಣಕಾಲು ನೋವಿನ ಅವ್ವ. ಚಿಕ್ಕವಳ ನಿದ್ದೆ ಮತ್ತು ಅವ್ವನ ಕಾಲು, ಇವೆರಡೂ ಒಪ್ಪಿದಷ್ಟೇ ದಿನದ ಉದ್ದ. ಅದಕ್ಕೆ ನನ್ನದೊಂದು ಬೇಡಿಕೆ. ಎರಡು ದಿನ ಸಾಲದು, ನಾಲ್ಕು ದಿನ ರಜೆ ಹಾಕು. ಶುಕ್ರವಾರ ಬೆಳಿಗ್ಗೆ ಬೆಂಗಳೂರಿಗೆ ಬನ್ನಿ, ಕೆಂಗೇರಿಯ ನಮ್ಮ ಮನೆಯಲ್ಲಿ ಇಳಿಯಿರಿ. ವಾಪಸ್ಸು ಹೋಗುವಾಗ ಬೆಂಗಳೂರಿಗೆ ಬರಬೇಕಿಲ್ಲ. ಮೈಸೂರಿನಿಂದ ನಿಮ್ಮ ಕಡೆಗೆ ನೇರ ರಾತ್ರಿ ರೈಲು ಇದೆ. ಮಕ್ಕಳು ಮಲಗಿಕೊಂಡೇ ಊರು ಸೇರುತ್ತಾರೆ.

ವಂಡರ್‌ಲಾ ಬಗ್ಗೆ ನೀನು ಜಾಸ್ತಿ ಕೇಳಿದ್ದೆ. ಅದು ಬಿಡದಿಯ ಹತ್ತಿರ ಇದೆ, 2005ರಲ್ಲಿ ಶುರುವಾಗಿದ್ದು, ನಮ್ಮ ಮನೆಯಿಂದ ದೂರ ಏನಲ್ಲ. ಅಲ್ಲಿ ಮಕ್ಕಳ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. 85 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಟಿಕೆಟ್ ಇಲ್ಲ, ಅಲ್ಲಿಂದ 140ರವರೆಗೆ ಮಕ್ಕಳ ಟಿಕೆಟ್. ಜೋರಾದ ಹಲವು ರೈಡ್‌ಗಳಿಗೂ ಅದೇ 140ರ ಗೆರೆ. ನಿನ್ನ ಮಗಳು 85 ದಾಟಿರುತ್ತಾಳೆ, ಅಂದರೆ ಅವಳಿಗೂ ಟಿಕೆಟ್ ಬೇಕು. ಆದರೆ ಅವಳು ಆಡುವುದು ಸಣ್ಣ ಮಕ್ಕಳ ಆಟ ನಾಲ್ಕೈದು, ಆಮೇಲೆ ಮೊಣಕಾಲುದ್ದದ ನೀರು. ಅವ್ವ ಎಲ್ಲಿ ಕೂರಬೇಕು? ವೈನಿ ದಿನವಿಡೀ ಬ್ಯಾಗು ಕಾಯಬೇಕಾ?

ಎಲ್ಲರೂ ಎಲ್ಲ ಕಡೆ ಒಟ್ಟಿಗೇ ಇರಬೇಕು ಅಂತೇನಿಲ್ಲ ಅಲ್ವಾ? ಶುಕ್ರವಾರ ನೀನು, ನಾನು, ದೊಡ್ಡ ಮಕ್ಕಳಿಬ್ಬರು, ನಾಲ್ಕೇ ಜನ ವಂಡರ್‌ಲಾಗೆ ಹೋಗೋಣ. ಉಳಿದವರು ಮನೆಯಲ್ಲಿ ಆರಾಮಾಗಿರಲಿ. ರೈಲು ಇಳಿದು ಬಂದಿರುತ್ತಾರೆ, ಅವ್ವ ಒಂದು ನಿದ್ದೆ ಮಾಡಲಿ. ವೈನಿ ಮತ್ತು ನನ್ನಾಕೆ ಸಿಕ್ಕಿ ಎಷ್ಟು ದಿನ ಆಯಿತು, ಅವರಿಗೂ ಮಾತಾಡಲು ಬೇಕಾದಷ್ಟಿದೆ. ಮಗಳು ದೊಡ್ಡವಳಾದ ಮೇಲೆ ಇನ್ನೊಮ್ಮೆ ಬರೋಣ. ಪಾರ್ಕು ಎಲ್ಲೂ ಓಡಿಹೋಗುವುದಿಲ್ಲ.

ಬಟ್ಟೆಯ ವಿಷಯ ಮರೆಯಬೇಡ. ನೀರಿನ ಆಟಕ್ಕೆ ಕಾಟನ್ ಬಟ್ಟೆಯಲ್ಲಿ ಬಿಡುವುದಿಲ್ಲ. ಅದು ನೀರು ಹೀರಿ ಭಾರವಾಗುತ್ತದೆ, ಎಳೆಗಳು ಬಿಟ್ಟುಕೊಂಡು ಫಿಲ್ಟರಿಗೆ ಸಿಕ್ಕುತ್ತವೆ. ನೈಲಾನ್ ಥರದ ಈಜುಡುಗೆ ಊರಿನಲ್ಲೇ ತೆಗೆದುಕೊಂಡು ಬಾ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ, ಹಾಗಾಗಿ ಬೆಳಿಗ್ಗೆ ಹೊಟ್ಟೆ ತುಂಬ ತಿಂದೇ ಹೊರಡಬೇಕು. ದಸರಾ ರಜೆಯಲ್ಲಿ ಶನಿವಾರ, ಭಾನುವಾರ ಕಾಲಿಡಲು ಜಾಗ ಇರುವುದಿಲ್ಲ. ನಾನು ಶುಕ್ರವಾರ ಹೇಳಿದ್ದು ಅದಕ್ಕೇ.

ಶನಿವಾರ ನಿನ್ನ ಪಟ್ಟಿಯಲ್ಲೇ ಇಲ್ಲದ ದಿನ. ಇದು ನನ್ನ ಕಡೆಯಿಂದ. ಎಲ್ಲರೂ ಕಾರಿನಲ್ಲಿ ಮೈಸೂರಿಗೆ ಹೊರಡೋಣ, ಆದರೆ ಹೊಸ ಹೆದ್ದಾರಿಯಲ್ಲಿ ಅಲ್ಲ. 2023ರಲ್ಲಿ ಬಂದ ಆ ರಸ್ತೆ ಚೆನ್ನಾಗಿದೆ, ಬೇಗ ತಲುಪಿಸುತ್ತದೆ. ಆದರೆ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವನ್ನೂ ಪಕ್ಕಕ್ಕೆ ಬಿಟ್ಟು ಹೋಗುತ್ತದೆ. ಮಕ್ಕಳಿಗೆ ಕಿಟಕಿಯಲ್ಲಿ ಬೇಲಿ ಬಿಟ್ಟರೆ ಏನೂ ಕಾಣುವುದಿಲ್ಲ. ಹಳೇ ರಸ್ತೆಯಲ್ಲಿ ಹೋದರೆ ಆ ಊರುಗಳೇ ನಮ್ಮ ದಾರಿ.

ಮೊದಲು ರಾಮನಗರದ ಜಾನಪದ ಲೋಕ. ಎಚ್.ಎಲ್. ನಾಗೇಗೌಡರು ಕಟ್ಟಿದ್ದು. ಹಳ್ಳಿಹಳ್ಳಿ ಸುತ್ತಿ ಜನ ಬಳಸಿ ಬಿಟ್ಟಿದ್ದನ್ನೆಲ್ಲ ತಂದು ಜೋಡಿಸಿದ್ದಾರೆ. ನೇಗಿಲು, ಕೂರಿಗೆ, ಮೀನಿನ ಬಲೆ, ಬೀಸುವ ಕಲ್ಲು, ಮಡಕೆ, ತೊಗಲುಗೊಂಬೆ, ಸೂತ್ರದ ಗೊಂಬೆ, ಡೊಳ್ಳು. ಹೋದ ವರ್ಷ ನನ್ನ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಸುಸ್ತಾಗುತ್ತದೆ, ಬೇಗ ಮುಗಿಸಬೇಕು ಅಂದುಕೊಂಡಿದ್ದೆ. ಅಮ್ಮ ಒಂದೊಂದರ ಮುಂದೆಯೂ ನಿಂತರು. ಇದರಲ್ಲಿ ಎಷ್ಟು ಸೇರು ರಾಗಿ ಹಿಡಿಯುತ್ತಿತ್ತು, ಇದನ್ನು ಹಿಡಿಯುವುದು ಹೀಗೆ, ಇದರ ಹಿಡಿ ನಮ್ಮ ಮನೆಯಲ್ಲಿ ಬೇರೆ ಥರ ಇತ್ತು ಅಂತ ಹೇಳುತ್ತಾ ಹೋದರು. ಮಕ್ಕಳು ಅವರ ಸೆರಗು ಹಿಡಿದು ಹಿಂದೆಯೇ ನಡೆದರು. ಮಗಳು ‘ಅಜ್ಜಿ, ನೀವು ಇದನ್ನು ನಿಜವಾಗಲೂ ಬೀಸಿದ್ದೀರಾ?’ ಅಂತ ಕೇಳಿದಳು. ಅಮ್ಮ ಬಗ್ಗಿ, ಗಾಳಿಯಲ್ಲೇ ಕೈ ತಿರುಗಿಸಿ ತೋರಿಸಿದರು. ಬೀಸುವಾಗ ಹಾಡುತ್ತಿದ್ದ ಎರಡು ಸಾಲನ್ನೂ ಗುನುಗಿದರು. ನಲವತ್ತು ವರ್ಷದಲ್ಲಿ ನಾನು ಅದನ್ನು ಒಂದು ಸಲವೂ ಕೇಳಿರಲಿಲ್ಲ.

ನಿನ್ನ ಅವ್ವ ಅಲ್ಲಿ ಏನೇನು ಹೇಳುತ್ತಾರೋ ಕೇಳಬೇಕು ನನಗೆ. ಇಲ್ಲಿ ರಾಗಿ ಬೀಸಿದ ಕಲ್ಲು, ನಿಮ್ಮಲ್ಲಿ ಜೋಳ ಬೀಸಿದ ಕಲ್ಲು. ನಾವು ಮಕ್ಕಳನ್ನು ಕರೆದುಕೊಂಡು ಹೋಗುವ ಎಲ್ಲ ಜಾಗದಲ್ಲೂ ಹಿರಿಯರು ಬೆಂಚಿನ ಮೇಲೆ ಕೂತು ಕಾಯುವವರೇ. ಇಲ್ಲಿ ಮಾತ್ರ ಅವರೇ ಮುಂದೆ, ನಾವು ಹಿಂದೆ. ನಿನ್ನ ಪಟ್ಟಿಯಲ್ಲಿ ನಾಲ್ಕು ಹೊಡೆದು ಇದೊಂದನ್ನು ಸೇರಿಸಿದ್ದಕ್ಕೆ ನನಗೆ ಯಾವ ಬೇಸರವೂ ಇಲ್ಲ.

ಅಲ್ಲಿಂದ ಚನ್ನಪಟ್ಟಣ ಹತ್ತಿರ. ರಸ್ತೆ ಬದಿಯ ಅಂಗಡಿಯಲ್ಲಿ ಗೊಂಬೆ ಕೊಂಡು ಹೊರಟುಬಿಡಬಾರದು. ಗೊಂಬೆ ಮಾಡುವವರ ಕಾರ್ಖಾನೆ ಊರೊಳಗೆ ಸುಮಾರು ಇವೆ. ಕೇಳಿಕೊಂಡರೆ ಮಕ್ಕಳಿಗೆ ತೋರಿಸುತ್ತಾರೆ. ಆಲೆಮರದ ತುಂಡನ್ನು ಲೇಥ್ ಮೇಲೆ ತಿರುಗಿಸುತ್ತಾರೆ. ಉಳಿ ತಾಗಿಸಿದಾಗ ಸಿಪ್ಪೆ ಸುರುಳಿಯಾಗಿ ಹಾರುತ್ತದೆ, ನೋಡುತ್ತಿದ್ದ ಹಾಗೆ ತುಂಡು ದುಂಡಗಾಗುತ್ತದೆ. ಆಮೇಲೆ ಬಣ್ಣ. ಕುಂಚ ಇಲ್ಲ, ಡಬ್ಬಿ ಇಲ್ಲ. ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಕೊನೆಗೆ ಒಣಗಿದ ಎಲೆಯಲ್ಲಿ ತಿಕ್ಕಿದರೆ ಗಾಜಿನ ಹಾಗೆ ಹೊಳಪು. ನನ್ನ ಮಗ ಅಲ್ಲಿ ಅರ್ಧ ಗಂಟೆ ಕದಲಲಿಲ್ಲ. ಅವನು ಎರಡು ನಿಮಿಷ ಒಂದು ಕಡೆ ಕೂರುವವನಲ್ಲ, ನಿನಗೇ ಗೊತ್ತು. ಗೊಂಬೆಯನ್ನು ಅಲ್ಲೇ, ಮಾಡಿದವರ ಕೈಯಿಂದಲೇ ತೆಗೆದುಕೊ. ಚೌಕಾಸಿ ಮಾಡಬೇಡ. ಅಷ್ಟು ಕೆಲಸ ಕಣ್ಣಾರೆ ನೋಡಿದ ಮೇಲೆ ನಿನಗೂ ಮನಸ್ಸು ಬರುವುದಿಲ್ಲ.

ಮದ್ದೂರಿನಲ್ಲಿ ವಡೆ, ಕಾಫಿ. ಊಟಕ್ಕೂ ಅಲ್ಲೇ ನಿಲ್ಲಬಹುದು. ಸಂಜೆಯೊಳಗೆ ಮೈಸೂರಿನ ರೂಮು ಸೇರಿ, ಮಕ್ಕಳಿಗೆ ಸ್ನಾನ ಮಾಡಿಸಿ, ಬೇಗ ಮಲಗಿಸೋಣ.

ಭಾನುವಾರ ಮೃಗಾಲಯ. ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆಗೆಯುವಾಗಲೇ ನಾವು ಅಲ್ಲಿರಬೇಕು. ತಂಪು ಹೊತ್ತಿನಲ್ಲಿ ಪ್ರಾಣಿಗಳು ಓಡಾಡುತ್ತಿರುತ್ತವೆ. ಹನ್ನೊಂದಾಯಿತು ಅಂದರೆ ಹುಲಿ, ಸಿಂಹ ಎಲ್ಲ ನೆರಳಿಗೆ ಹೋಗಿ ಬೆನ್ನು ತಿರುಗಿಸಿ ಮಲಗುತ್ತವೆ. ಆಮೇಲೆ ಬಂದ ಮಕ್ಕಳು ‘ಎಲ್ಲಿ, ಎಲ್ಲಿ’ ಅಂತ ಕೇಳುವುದೇ ಆಗುತ್ತದೆ. 1892ರಲ್ಲಿ ಶುರುವಾದ ಜಾಗ ಅದು. ಮರಗಳು ಅಷ್ಟೇ ಹಳೆಯವು, ದಾರಿಯುದ್ದಕ್ಕೂ ನೆರಳಿದೆ. ಆದರೆ ನಡಿಗೆ ಜಾಸ್ತಿ. ಅವ್ವನಿಗೆ ಬ್ಯಾಟರಿ ಗಾಡಿ ಹಿಡಿಯೋಣ, ಚಿಕ್ಕವಳೂ ಅವರ ಜೊತೆ ಕೂರಲಿ. ಜಿರಾಫೆ ಮತ್ತು ಗೊರಿಲ್ಲಾದ ಮುಂದೆ ಮಾತ್ರ ಇಳಿಸಿ ತೋರಿಸಬೇಕು. 2021ರಲ್ಲಿ ಜರ್ಮನಿಯಿಂದ ಥಾಬೊ, ಡೆಂಬಾ ಅಂತ ಎರಡು ಗೊರಿಲ್ಲಾ ಬಂದವು. ನನ್ನ ಮಕ್ಕಳು ಇಂದಿಗೂ ಮನೆಯಲ್ಲಿ ಅವುಗಳ ಹೆಸರಿಟ್ಟುಕೊಂಡು ಆಡುತ್ತಾರೆ. ಪ್ಲಾಸ್ಟಿಕ್ ಕವರಿನಲ್ಲಿ ಏನೂ ತರಬೇಡ, ಸ್ಟೀಲ್ ಡಬ್ಬಿ ಸಾಕು. ಬೇರೆ ವಾರ ಬರುವುದಾದರೆ ನೆನಪಿಟ್ಟುಕೊ, ಸಾಮಾನ್ಯವಾಗಿ ಮಂಗಳವಾರ ಮೃಗಾಲಯಕ್ಕೆ ರಜೆ.

ಮಧ್ಯಾಹ್ನ ಊಟ, ನಿದ್ದೆ. ಇದರಲ್ಲಿ ರಾಜಿ ಇಲ್ಲ. ಮಕ್ಕಳು ಬೇಡ ಅಂದರೂ ಕಿಟಕಿಗೆ ಪರದೆ ಎಳೆದು ನಾವೂ ಮಲಗೋಣ.

ಸಂಜೆ ನಾಲ್ಕಕ್ಕೆ ರೈಲು ಮ್ಯೂಸಿಯಂ. ಸಣ್ಣ ಜಾಗ, ಅದೇ ಅದರ ಚೆಂದ. ಹಳೇ ಇಂಜಿನ್ ಹತ್ತಬಹುದು, ಪುಟಾಣಿ ರೈಲಿನಲ್ಲಿ ಒಂದು ಸುತ್ತು ಹೋಗಬಹುದು. ಮಹಾರಾಣಿಯವರ ಪ್ರಯಾಣಕ್ಕೆಂದು 1899ರಲ್ಲಿ ಮಾಡಿದ ಬೋಗಿ ಅಲ್ಲಿದೆ. ಮೂರು ವರ್ಷದ ಮಗು ಕೈ ಬಿಡಿಸಿಕೊಂಡು ಓಡಿದರೂ ಕಣ್ಣಳತೆಯಲ್ಲೇ ಇರುತ್ತದೆ. ನಿನ್ನ ಪಟ್ಟಿಯಲ್ಲಿ ನಾನು ಮುಟ್ಟದೆ ಬಿಟ್ಟ ಮೂರರಲ್ಲಿ ಇದೂ ಒಂದು.

ಅರಮನೆಯ ಒಳಗೆ ಈ ಸಲ ಬೇಡ. ಚಪ್ಪಲಿ ಬಿಟ್ಟು, ಸಾಲಿನಲ್ಲಿ ತಳ್ಳಿಸಿಕೊಂಡು, ಏನೂ ಮುಟ್ಟಬೇಡ ಅಂತ ಮಕ್ಕಳಿಗೆ ಗದರಿಸಿಕೊಂಡು ನಡೆಯಬೇಕು. ಅದರ ಬದಲು ಏಳು ಗಂಟೆಯ ಹೊತ್ತಿಗೆ ಹೊರಗಿನ ಅಂಗಳದಲ್ಲಿ ಕೂತಿರೋಣ. ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸಂಜೆ ಅರಮನೆಗೆ ದೀಪ ಹಾಕುತ್ತಾರೆ. ಸುಮಾರು ಒಂದು ಲಕ್ಷ ಬಲ್ಬು, ಎಲ್ಲ ಒಂದೇ ಕ್ಷಣದಲ್ಲಿ ಹತ್ತಿಕೊಳ್ಳುತ್ತವೆ. ಆ ಹೊತ್ತಿಗೆ ಮಕ್ಕಳು ಅರಮನೆಯ ಕಡೆಗೇ ಮುಖ ಮಾಡಿರಬೇಕು. ನೀನು ಮೊಬೈಲು ಜೇಬಿನಲ್ಲಿಡು, ಚಿಕ್ಕವಳನ್ನು ಹೆಗಲ ಮೇಲೆ ಕೂರಿಸಿಕೊ. ದಸರಾದ ವಾರದಲ್ಲಿ ದೀಪ ದಿನವೂ ಇರುತ್ತದೆ, ಆದರೆ ಆ ಜನಜಂಗುಳಿಗೆ ಮಕ್ಕಳನ್ನು ತರಬೇಡ. ವಿಜಯದಶಮಿ ಮುಗಿಸಿಕೊಂಡು ಹೊರಡಿ, ಶಾಲೆಯ ರಜೆ ಇನ್ನೂ ಉಳಿದಿದ್ದರೆ.

ಸೋಮವಾರ ಖಾಲಿ ಬಿಟ್ಟಿದ್ದೇನೆ. ಬೇಕೆಂದೇ. ಎಲ್ಲರೂ ಚೆನ್ನಾಗಿದ್ದರೆ ರಂಗನತಿಟ್ಟಿನಲ್ಲಿ ದೋಣಿ ಹತ್ತಿ, ಬಂಡೆಯ ಮೇಲೆ ಬಾಯಿ ತೆರೆದು ಮಲಗಿರುವ ಮೊಸಳೆ ನೋಡೋಣ. ಅಣೆಕಟ್ಟಿನಿಂದ ನೀರು ಜಾಸ್ತಿ ಬಿಟ್ಟಿದ್ದರೆ ದೋಣಿ ನಿಲ್ಲಿಸುತ್ತಾರೆ. ಹಾಗಾಗಿ ಹೋಗದಿದ್ದರೂ ನಷ್ಟ ಇಲ್ಲ. ಯಾರಿಗಾದರೂ ಸುಸ್ತಾಗಿದ್ದರೆ ರೂಮಿನಲ್ಲೇ ಇದ್ದು, ರಾತ್ರಿ ರೈಲು ಹತ್ತಿ. ಬೃಂದಾವನ, ಬೆಟ್ಟ, ಶ್ರೀರಂಗಪಟ್ಟಣ ಮುಂದಿನ ಸಲಕ್ಕೆ.

ಇನ್ನೊಂದು ಮಾತು. ಬರುವ ಮೊದಲು ಒಂದು ಭಾನುವಾರ ಮಕ್ಕಳನ್ನೂ ಅವ್ವನನ್ನೂ ಗೊಟಗೋಡಿಯ ರಾಕ್ ಗಾರ್ಡನ್‌ಗೆ ಕರೆದುಕೊಂಡು ಹೋಗು. ನಿಮ್ಮ ಹೆದ್ದಾರಿ ಪಕ್ಕದಲ್ಲೇ ಇದೆ, ಅರ್ಧ ದಿನ ಸಾಕು. ಕಲಾವಿದ ಸೊಲಬಕ್ಕನವರ ಅವರ ಹಳ್ಳಿಯ ಶಿಲ್ಪಗಳು ಅಲ್ಲಿವೆ. ಆ ಮಂದಿ, ಆ ದನಕರು, ಆ ಅಂಗಳ, ಎಲ್ಲ ಎದ್ದು ನಡೆಯುತ್ತವೇನೋ ಅನ್ನಿಸುವ ಹಾಗಿವೆ. ಅಲ್ಲಿ ಚಿಕ್ಕವಳು ಎಷ್ಟು ಹೊತ್ತಿಗೆ ಎತ್ತಿಕೋ ಅನ್ನುತ್ತಾಳೆ, ಅವ್ವ ಎಷ್ಟು ಹೊತ್ತಿಗೆ ಕೂರಲು ಜಾಗ ಹುಡುಕುತ್ತಾರೆ, ನೋಡಿಕೊ. ನಾವು ಇಲ್ಲಿ ಅದೇ ಲೆಕ್ಕದಲ್ಲಿ ನಡೆಯೋಣ.

ಮಕ್ಕಳಿಬ್ಬರನ್ನೂ ಇವತ್ತೇ ಗೋಡೆಗೆ ನಿಲ್ಲಿಸಿ ಅಳತೆ ತೆಗೆದು ನನಗೆ ಕಳಿಸು. ನಮ್ಮ ಮನೆಯ ಅಡುಗೆಮನೆ ಬಾಗಿಲಿಗೆ ಪೆನ್ಸಿಲ್ ಗುರುತುಗಳಿವೆ. ಆ ಪಾರ್ಕಿನಿಂದ ಬಂದ ಮರುದಿನ ಶುರು ಮಾಡಿದ್ದು. ಎಲ್ಲದಕ್ಕಿಂತ ಮೇಲೆ 140 ಅಂತ ಒಂದು ಕೆಂಪು ಗೆರೆ, ಮಗಳೇ ಸ್ಟೂಲ್ ಹತ್ತಿ ಎಳೆದದ್ದು. ಈಗ ಅವಳು 126. ನಿನ್ನ ಮಗನನ್ನೂ ಅದೇ ಬಾಗಿಲಿಗೆ ನಿಲ್ಲಿಸಿ ಗುರುತು ಹಾಕಬೇಕಂತೆ. ಅವನ ಹೆಸರಿಗೆ ಹಸಿರು ಪೆನ್ಸಿಲ್ ಚೂಪು ಮಾಡಿ ಇಟ್ಟಿದ್ದಾಳೆ.

ಟಿಕೆಟ್ ಆದ ಕೂಡಲೇ ತಿಳಿಸು. ಸ್ಟೇಷನ್ನಿಗೆ ನಾನೇ ಬರುತ್ತೇನೆ. ಅವ್ವನಿಗೆ ನಮಸ್ಕಾರ ಹೇಳು.

ನಿನ್ನ,
ಕೆಂಗೇರಿಯ ಗೆಳೆಯ