ಫ್ಯುಯೆಲ್ ರಾಡ್ ಕೇಳಿದ್ರೆ ಪೆನ್ಸಿಲ್ ಕಳಿಸಿದ್ದೀರಿ

ಸರ್/ಮೇಡಂ,

ನಾನು ಕಾಸರಗೋಡು ಬದಿಯಡ್ಕದಿಂದ ಬರೀತಾ ಇದ್ದೇನೆ. ಕಳೆದ ತಿಂಗಳು ರಿಯಾಕ್ಟರ್ ಇಂಧನದ ಬಗ್ಗೆ 38 ಪೇಜಿನ ಫ್ರೆಂಚ್ ರಿಪೋರ್ಟ್ ಇಂಗ್ಲಿಷ್ ಮಾಡ್ಲಿಕ್ಕೆ ನಿಮಗೆ ಕೊಟ್ಟಿದ್ದೆ. "ನ್ಯೂಕ್ಲಿಯರ್ ಎಂಜಿನಿಯರಿಂಗ್ ಗೊತ್ತಿದ್ದವರೇ ನಮ್ಮಲ್ಲಿ ಇದ್ದಾರೆ" ಅಂತ ಫೋನಲ್ಲಿ ಹೇಳಿ ಮಾಮೂಲಿಯ ಡಬಲ್ ರೇಟ್ ತಗೊಂಡ್ರಿ, ನಾನೂ ಚೌಕಾಸಿ ಮಾಡ್ಲಿಲ್ಲ, ಯಾಕಂದ್ರೆ ಅಂಥವರು ಸಿಗೋದೇ ಕಷ್ಟ ಅಂತ ಹುಡುಕಿ ಹುಡುಕಿ ಸಾಕಾಗಿತ್ತು. ಕಣ್ಣೂರಿನಾಚೆಯ ಮಾಹೆ ಊರು 1954ರ ತನಕ ಫ್ರೆಂಚರ ಕೈಯಲ್ಲಿತ್ತಲ್ಲ, ಅಲ್ಲಿ ಫ್ರೆಂಚ್ ಓದಿದ ಒಬ್ಬ ಅಜ್ಜನನ್ನೂ ಕೇಳಿದ್ದೆ, "ಕಾಗದ ಬೇಕಾದ್ರೆ ಓದ್ತೇನೆ ಮೋನೇ, ರಿಯಾಕ್ಟರ್ ಎಲ್ಲ ನಂಗೆಂತ ಗೊತ್ತು" ಅಂದ್ರು. ಅವರು ಗೊತ್ತಿಲ್ಲ ಅಂತ ಹೇಳಿದ್ರು, ನೀವು ಹೇಳ್ಲಿಲ್ಲ.

ಈಗ ನಿಮ್ಮ ಫೈಲು ನೋಡಿ. 17ಕ್ಕೆ 17 ಸಾಲಿನ ಇಂಧನದ ಕಟ್ಟಿನಲ್ಲಿ 264 "ಪೆನ್ಸಿಲ್" ಉಂಟಂತೆ! ಫ್ರೆಂಚಲ್ಲಿ ಕ್ರೆಯೋಂ ಅಂದ್ರೆ ಪೆನ್ಸಿಲ್ಲೇ, ಒಪ್ಪಿದೆ, ಆದ್ರೆ ರಿಯಾಕ್ಟರಿನಲ್ಲಿ ಅದು ಫ್ಯುಯೆಲ್ ರಾಡ್, ಅಂದ್ರೆ ಇಂಧನ ತುಂಬಿದ ಉದ್ದದ ಸಪೂರ ಕೊಳವೆ. ಸ್ಥಾವರದ ಯೂನಿಟಿಗೆ ಫ್ರೆಂಚರು ತ್ರಾಂಶ್ ಅಂತಾರೆ, ನಿಮ್ಮವರು "ಸೆಕೆಂಡ್ ಸ್ಲೈಸ್" ಮಾಡಿದ್ದಾರೆ, ಬ್ರೆಡ್ಡಾ ಅದು? ನ್ಯೂಟ್ರಾನ್ ಕ್ರಾಸ್ ಸೆಕ್ಷನ್ (ನ್ಯೂಟ್ರಾನ್ ಪರಮಾಣುವಿನ ಬೀಜಕ್ಕೆ ತಾಗುವ ಸಾಧ್ಯತೆಯ ಅಳತೆ) ಅಂತ ಬರಬೇಕಾದಲ್ಲೆಲ್ಲ "ಎಫಿಶಿಯೆಂಟ್ ಸೆಕ್ಷನ್", ಓದಿದ್ರೆ ಯಾವುದೋ ಚುರುಕಿನ ಸರ್ಕಾರಿ ಆಫೀಸು ಅನ್ಸ್ತದೆ.

ಇದನ್ನೆಲ್ಲ ನಗಾಡಿ ಬಿಡಬಹುದಿತ್ತು. ಪೇಜ್ 11ರ ಟೇಬಲ್ ನೋಡಿ ಎದೆ ಧಸಕ್ಕಂತು. ಮೂಲದಲ್ಲಿ ಯುರೇನಿಯಂ 235ರ ಪ್ರಮಾಣ 3,7 ಪರ್ಸೆಂಟ್, ಫ್ರೆಂಚರು ದಶಾಂಶಕ್ಕೆ ಚುಕ್ಕಿ ಬದಲು ಕಾಮ ಹಾಕೋದು, ನಿಮ್ಮವರು ಆ ಕಾಮ ಹಾರಿಸಿ 37 ಮಾಡಿಟ್ಟಿದ್ದಾರೆ. 20 ಮುಟ್ಟಿದ್ರೇ ಅದು ಹೈಲಿ ಎನ್‌ರಿಚ್ಡ್, ಅಂದ್ರೆ 235ರ ಪಾಲು ತುಂಬಾ ಏರಿಸಿದ ಯುರೇನಿಯಂ, ಆ ಲೆಕ್ಕಕ್ಕೆ ಹೋಗ್ತದೆ, ಕರೆಂಟ್ ಮಾಡುವ ಇಂಥ ರಿಯಾಕ್ಟರಿಗೆ 37 ಯಾರು ಹಾಕ್ತಾರೆ? ಸಬ್ಜೆಕ್ಟ್ ಗೊತ್ತಿದ್ದವರ ಕಣ್ಣು ಅಲ್ಲೇ ನಿಲ್ತಿತ್ತು. ನಾನು ಫಿಸಿಕ್ಸ್ ಓದಿದ್ದಕ್ಕೆ ಆಯ್ತು, ಇಲ್ಲಾಂದ್ರೆ ಹಾಗೇ ಕ್ಲೈಂಟಿಗೆ ಹೋಗ್ತಿತ್ತು. ಫೋನ್ ಮಾಡಿದ್ರೆ ನಿಮ್ಮ ಹುಡುಗ "ಗ್ರಾಮರ್ ಎಲ್ಲ ಸರಿ ಉಂಟಲ್ಲ ಸರ್" ಅಂತಾನೆ.

ಕಾಸರಗೋಡಿನ ಕನ್ನಡದವರಿಗೆ ಕೆಟ್ಟ ಅನುವಾದ ಹೊಸತಲ್ಲ ಮಾರ್ರೆ, ಕನ್ನಡದಲ್ಲಿ ಬಂದ ನೋಟೀಸು ಅರ್ಥ ಆಗ್ಲಿಕ್ಕೆ ಪಕ್ಕದ ಮಲಯಾಳ ಪ್ರತಿ ಓದುವವರು ನಾವು, ಆದ್ರೆ ಅದಕ್ಕೆ ಡಬಲ್ ರೇಟ್ ಕೊಡ್ಲಿಲ್ಲ.

ಈ ಕೆಲಸ ಮಾಡಿದವರು ಏನು ಓದಿದ್ದಾರೆ ಅಂತ ಬರೆದು ತಿಳಿಸಿ. ವಿಷಯ ಗೊತ್ತಿದ್ದವರಿಂದ ಶುಕ್ರವಾರದೊಳಗೆ ಪುನಃ ಮಾಡಿಸಿ ಕೊಡಿ, ಆಗದಿದ್ರೆ ಪೂರ್ತಿ ಹಣ ವಾಪಸ್ ಹಾಕಿ, ಡಿಸ್ಕೌಂಟ್ ಕೂಪನ್ ಬೇಡ. ಎರಡೂ ಇಲ್ಲಾಂದ್ರೆ ಗ್ರಾಹಕರ ಕೋರ್ಟಿಗೆ ಹೋಗ್ತೇನೆ. ತಪ್ಪಿದ್ದಲ್ಲೆಲ್ಲ ಹಳದಿ ಬಳಿದ ಫೈಲು ಇದರ ಜೊತೆ ಉಂಟು.

ಇತಿ,
ನಿಮ್ಮ ಗ್ರಾಹಕ, ಬದಿಯಡ್ಕ