ಶನಿವಾರದ ಕಂಸಾಳೆಗೆ ಬನ್ನಿ, ಪಡಿ ತನ್ನಿ

ಪೋಷಕ ಬಂಧುಗಳಿಗೆ ನಮಸ್ಕಾರ.

ಬರುವ ಶನಿವಾರ ಸಂಜೆ 6 ಗಂಟೆಗೆ ಶಾಲೆಯ ಅಂಗಳದಲ್ಲಿ ಆರು, ಏಳನೇ ತರಗತಿ ಮಕ್ಕಳ ಬೀಸು ಕಂಸಾಳೆ (ಕಂಚಿನ ತಾಳ ಬೀಸಿ ಕುಣಿಯುವ ಕುಣಿತ), ತಾಯಂದಿರ ಸೋಬಾನೆ ಪದ ಇದೆ. ಯಾಕೆಂಬುದನ್ನು ಮಕ್ಕಳ ಕೈಲಿ ಹೇಳಿ ಕಳಿಸುವ ಬದಲು ನಾನೇ ಬರೆಯುತ್ತಿದ್ದೇನೆ.

ನಮ್ಮ ಮಗುವೊಂದರ ತಂದೆ ಕಬ್ಬಿನ ಲೋಡಿನ ಮೇಲಿಂದ ಬಿದ್ದು ತೊಡೆ ಮುರಿದುಕೊಂಡದ್ದು ಊರಿಗೇ ಗೊತ್ತು. ಆಪರೇಷನ್ ಆಯಿತು, ರಾಡ್ ಹಾಕಿದ್ದಾರೆ. ಮೂರು ತಿಂಗಳಿಂದ ಆ ಮನೆಗೆ ಕೂಲಿ ಬಂದಿಲ್ಲ. ಹೋದ ತಿಂಗಳು ಆ ಮಗು ಪಾಠದ ನಡುವೆ ತೂಕಡಿಸಿದ್ದಕ್ಕೆ ಎಲ್ಲರೆದುರು ಗದರಿಬಿಟ್ಟೆ. ಬಿಸಿಯೂಟದ ಅಮ್ಮ ಆಮೇಲೆ ಪಕ್ಕಕ್ಕೆ ಕರೆದು, "ಸಾ, ಅದು ನಸುಕಲ್ಲೇ ಎದ್ದು ಹಾಲು ಕರ್ದು ಡೈರಿಗೆ ಹಾಕ್ಬುಟ್ಟು ಬತ್ತದೆ" ಎಂದರು.

ಅಂದೇ ಸಂಜೆ ಆ ಮಗುವಿನ ಮನೆಗೆ ಹೋದೆ. "ನನ್ ಹೆಸ್ರೇಳಿ ದುಡ್ ಎತ್ಬ್ಯಾಡಿ ಮೇಷ್ಟ್ರೇ" ಎಂದು ಅದರ ತಂದೆ ಮೊದಲೇ ಕೈ ಮುಗಿದರು. ಗೋಡೆಯ ಮೊಳೆಗೆ ಕಂಸಾಳೆ ತೂಗುತ್ತಿತ್ತು, ಗೊಂಡೆಯ ಮೇಲೆ ಧೂಳು. ಅವರು ಮಾದಪ್ಪನ ದೇವರಗುಡ್ಡರು, ಕಂಸಾಳೆ ಹಿಡಿದು ಮಲೆ ಮಾದೇಶ್ವರನ ಪದ ಹಾಡುವವರು. ಹಾಗಾದರೆ ಮಕ್ಕಳಿಗೆ ಕಲಿಸಿಕೊಡಿ ಎಂದೆ.

ಅಂದಿನಿಂದ ದಿನಾ ಶಾಲೆ ಬಿಟ್ಟ ಮೇಲೆ ಮಕ್ಕಳು ಅವರ ಜಗಲಿಯಲ್ಲಿರುತ್ತಾರೆ. ಅವರು ಎದ್ದು ಬೀಸುವಂತಿಲ್ಲ, ಕುರ್ಚಿಯಲ್ಲಿ ಕೂತೇ ಎಡಗೈಯ ಬಟ್ಟಲಿಗೆ ಬಲಗೈಯ ತಟ್ಟೆ ತಾಗಿಸಿ ತಾಳ ಹೇಳುತ್ತಾರೆ. ದಾರ ಹಿಡಿದು ತಟ್ಟೆಯನ್ನು ತಲೆಯ ಮೇಲಿಂದ ಸುತ್ತಿ ತಂದು ಅದೇ ಬಟ್ಟಲಿಗೆ ಸರಿಯಾಗಿ ತಾಗಿಸುವುದು ಎಷ್ಟು ಕಷ್ಟವೆಂದು ನಾನೂ ಒಂದು ದಿನ ಪ್ರಯತ್ನಿಸಿ ಮೊಣಕೈಗೆ ಹೊಡೆದುಕೊಂಡು ತಿಳಿದೆ. ಮಕ್ಕಳು ಇನ್ನೂ ನಗುತ್ತಿದ್ದಾರೆ.

ನಮ್ಮ ಮಳವಳ್ಳಿ ಸೀಮೆಯಲ್ಲಿ ದೇವರಗುಡ್ಡರು, ಮಂಟೇಸ್ವಾಮಿಯ ನೀಲಗಾರರು ಬಾಗಿಲಿಗೆ ಬಂದು ಹಾಡಿದರೆ ಜೋಳಿಗೆಗೆ ರಾಗಿ ಹಾಕುತ್ತಿದ್ದೆವು. ಅದನ್ನು ಯಾರೂ ಭಿಕ್ಷೆ ಎನ್ನಲಿಲ್ಲ, ಪಡಿ ಎಂದರು. ಶನಿವಾರವೂ ಹಾಗೇ ಜೋಳಿಗೆ ಬರುತ್ತದೆ. ರಾಗಿ, ಭತ್ತ, ದುಡ್ಡು, ಏನಾದರೂ ಆದೀತು. ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುವುದಿಲ್ಲ. ನಮ್ಮ ಶಾಲಾ ಸಮಿತಿ ಎಸ್‌ಡಿಎಂಸಿಯವರು ಲೆಕ್ಕ ಬರೆದು ಆ ಮಗುವಿನ ಮನೆಗೆ ಮುಟ್ಟಿಸುತ್ತಾರೆ. ಆ ಮಗುವನ್ನು ವೇದಿಕೆಗೆ ಕರೆದು ನಿಲ್ಲಿಸುವುದಿಲ್ಲ. ಅದು ಕುಣಿಯುವವರ ಸಾಲಿನಲ್ಲಿ ಇರುತ್ತದೆ. ದಯವಿಟ್ಟು ಮೊಬೈಲಿನಲ್ಲಿ ಅದೊಂದರದೇ ಫೋಟೊ ತೆಗೆಯಬೇಡಿ.

ಇನ್ನೊಂದು ಮಾತು. ಹನ್ನೆರಡು ಮಕ್ಕಳಿಗೆ ಇರುವುದು ಎಂಟೇ ಜೊತೆ ಕಂಸಾಳೆ. ನಿಮ್ಮ ಮನೆಯ ಅಟ್ಟದಲ್ಲಿ ತಾತನ ಕಾಲದ್ದು ಇದ್ದರೆ ಗುರುವಾರದೊಳಗೆ ಕಳಿಸಿಕೊಡಿ. ಕಿಲುಬು ಹಿಡಿದಿದ್ದರೂ ಚಿಂತೆಯಿಲ್ಲ, ಹುಣಸೆಹಣ್ಣು ಹಾಕಿ ನಾವೇ ಬೆಳಗುತ್ತೇವೆ.

ಇಂತಿ,
ಮುಖ್ಯ ಶಿಕ್ಷಕರು